ಎಡಕ್ಕೇ ಹೋಗುವ ರೆಕ್ಕೆಬಾಣ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೊಪ್ಪಿನ ಸಾರಿನಲ್ಲಿ ಹೊಂಬಣ್ಣದ ಸಣ್ಣ ಸುರುಳಿಯೊಂದು ಸಿಕ್ಕಿತು. ಮುದ್ದೆಯ ತುತ್ತನ್ನು ಬಾಯಿಗಿಡುವ ಮೊದಲೇ ಕಣ್ಣಿಗೆ ಬಿದ್ದದ್ದರಿಂದ ಹಲ್ಲು ಉಳಿಯಿತು. ನನ್ನ ಹೆಂಡತಿ ಗಿರಿಜಾ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಬೇರೇರ ಮನೆ ಸಾರಲ್ಲಿ ಕೂದ್ಲು ಸಿಕ್ತದೆ, ನಮ್ಮನೇಲಿ ಹಿತ್ತಾಳೆ" ಎಂದಳು. ಕೋಪದಿಂದ ಹೇಳಿದ್ದಲ್ಲ. ಕೋಪ ಮಾಡಿಕೊಳ್ಳುವ ಹಂತವನ್ನು ಅವಳು ಬಹಳ ಹಿಂದೆಯೇ ದಾಟಿದ್ದಾಳೆ. ಸುರುಳಿಯನ್ನು ತಟ್ಟೆಯ ಅಂಚಿಗೆ ಅಂಟಿಸಿ ನನಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಅದು ನನ್ನ ಲೇತಿನ ಸುರುಳಿ. ಚಾಮರಾಜನಗರದ ನಮ್ಮ ಮನೆಯ ಪಕ್ಕದಲ್ಲಿ, ಮುಂದೆ ಕಾರು ಕೊಳ್ಳುತ್ತೇವೆ ಎಂಬ ಧೈರ್ಯದ ಮೇಲೆ ಕಟ್ಟಿಸಿದ ಒಂದು ಷೆಡ್ಡಿದೆ. ಕಾರು ಬರಲಿಲ್ಲ. ಆ ಜಾಗಕ್ಕೆ ನಿವೃತ್ತಿಯಾದ ವರ್ಷ ಒಂದು ಹಳೆಯ ಸಣ್ಣ ಲೇತ್, ಲೋಹವನ್ನು ಗರಗರ ತಿರುಗಿಸಿ ಕಡೆಯುವ ಯಂತ್ರ, ಬಂದು ಕೂತಿತು. ಅದರ ಮುಂದೆ ನಾನು ಕೂತೆ. ಅಂದಿನಿಂದ ಹಿತ್ತಾಳೆಯ ಚೂರು ನನ್ನ ಅಂಗಿಯ ತೋಳು ಹಿಡಿದು ಅಡುಗೆಮನೆಗೂ ಹೋಗುತ್ತದೆ, ಹಾಸಿಗೆಗೂ ಬರುತ್ತದೆ. ಒಮ್ಮೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಗಿರಿಜಾಳ ರೇಷ್ಮೆ ಸೀರೆಯ ನೆರಿಗೆಯಿಂದ ಉದುರಿದಾಗ, ಪಕ್ಕದಲ್ಲಿದ್ದವರು ಚಿನ್ನದ ಜರಿ ಬಿಟ್ಟುಕೊಂಡಿದೆ ಎಂದು ಗಾಬರಿಯಾದರು. ಅವಳು ತಿದ್ದಲಿಲ್ಲ.

ಈ ಲೇತಿನಲ್ಲಿ ನಾನು ತಿರುಗಿಸುವುದು ಬಾಣ. ಬಿಲ್ಲಿಗೆ ಹೂಡುವ ಬಾಣವಲ್ಲ, ಗೇಣಿಗಿಂತ ಚಿಕ್ಕದು. ಮುಂದೆ ಹಿತ್ತಾಳೆಯ ಮೂತಿ, ಹಿಂದೆ ತೆಳ್ಳನೆಯ ಬಾಲ, ಬಾಲಕ್ಕೆ ಅಲ್ಯೂಮಿನಿಯಂ ತಗಡಿನ ನಾಲ್ಕು ರೆಕ್ಕೆ. ಪ್ಲಾಸ್ಟಿಕ್ ಪೈಪಿನೊಳಗೆ ಇದನ್ನು ಇಳಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ನಲ್ಲಿ ತಿರುಗಿಸಿದರೆ ಫಟ್ ಎಂದು ಹಾರಿ ಮೂವತ್ತು ಹೆಜ್ಜೆ ಆಚೆ ನಿಲ್ಲಿಸಿದ ಬಾಳೆದಿಂಡಿಗೆ ನಾಟಿಕೊಳ್ಳುತ್ತದೆ. ಅಷ್ಟೇ. ಇದರಿಂದ ಯಾರಿಗೂ ಯಾವ ಉಪಯೋಗವೂ ಇಲ್ಲ.

ಅರವತ್ತು ದಾಟಿದವನಿಗೆ ಇದೇನು ಹುಡುಗಾಟ ಎಂದು ನೀವು ಕೇಳಬಹುದು. ಕೇಳಿ, ನನಗೆ ಬೇಸರವಿಲ್ಲ. ಆದರೆ ನನ್ನ ಕಾಯಿಲೆ ಬಾಣದ್ದಲ್ಲ. ನೇರವಾಗಿ ಹೇಳಿಬಿಡುತ್ತೇನೆ: ನನಗೆ ಹೊಟ್ಟೆಕಿಚ್ಚು. ಅದೂ ಊರಿನವರ ಮೇಲೆಲ್ಲ ಅಲ್ಲ, ಒಬ್ಬನೇ ಒಬ್ಬನ ಮೇಲೆ. ಅವನು ಗುಂಡ್ಲುಪೇಟೆಯಲ್ಲಿ ಬೀಗ ರಿಪೇರಿ ಮಾಡುವ, ಕೀ ಕೊರೆದುಕೊಡುವ, ಕುಕ್ಕರಿಗೆ ಹಿಡಿ ಹಾಕಿಕೊಡುವ ಇಲಿಯಾಸ್. ನನ್ನ ಅತ್ಯಂತ ಹಳೆಯ ಸ್ನೇಹಿತ.

ನಾವಿಬ್ಬರೂ ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ಆಗ ಬಾಣವೆಂದರೆ ನಾಲ್ಕು ಬೆಂಕಿಕಡ್ಡಿ. ಮದ್ದು ಕೆರೆದು ತೆಗೆದು, ನಾಲ್ಕನ್ನೂ ಜೋಡಿಸಿ ನಡುವೆ ಸೂಜಿಯಿಟ್ಟು ದಾರ ಬಿಗಿದು, ಹಿಂದುಗಡೆ ನೋಟ್‌ಬುಕ್ಕಿನ ಹಾಳೆಯನ್ನು ರೆಕ್ಕೆಯ ಹಾಗೆ ಮಡಿಚಿ ಸಿಕ್ಕಿಸಬೇಕು. ಸೂಜಿ, ದಾರ ಇಲಿಯಾಸನ ಮನೆಯದು, ಅವನ ಅಮ್ಮ ರವಿಕೆ ಹೊಲಿಯುತ್ತಿದ್ದರು. ಬೆಂಕಿಕಡ್ಡಿ ನಮ್ಮ ಮನೆಯದು. ಮುಖ್ಯವಾದ ಸಲಕರಣೆಯೂ ನಮ್ಮ ಮನೆಯದೇ: ಒಲೆ ಊದಲು ಅಮ್ಮ ಇಟ್ಟುಕೊಂಡಿದ್ದ ಕಬ್ಬಿಣದ ಊದುಗೊಳವೆ. ಬಾಣವನ್ನು ಅದರೊಳಗೆ ಇಳಿಸಿ ಬಾಯಿಟ್ಟು ಊದಿದರೆ ಹಿತ್ತಲಿನ ಪರಂಗಿ ಮರದ ತನಕ ಹೋಗುತ್ತಿತ್ತು. ಊದುವ ಮೊದಲು ಉಸಿರೆಳೆದುಕೊಳ್ಳುವಾಗ ಬಾಯಿಯನ್ನು ಕೊಳವೆಯಿಂದ ತೆಗೆಯಬೇಕು ಎಂಬುದು ನನಗೆ ತಿಳಿಯಲು ಎರಡು ಬಾಯಿ ಬೂದಿ ಬೇಕಾಯಿತು. ಇಲಿಯಾಸನಿಗೆ ಮೊದಲ ಸಲವೇ ಗೊತ್ತಿತ್ತು.

ಒಂದು ದಿನ ಕೊಳವೆಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಸ್ಕೂಲಿಗೆ ಒಯ್ದೆ. ಊಟದ ಬಿಡುವಿನಲ್ಲಿ ಗೋಡೆಯ ಮೇಲಿನ ಇಂಡಿಯಾ ಮ್ಯಾಪಿಗೆ ಗುರಿ ಕಟ್ಟಿದೆವು. ಇಲಿಯಾಸನದು ದೆಹಲಿಗೆ ಹೋಗಿ ಚುಚ್ಚಿಕೊಂಡಿತು. ನನ್ನದು ಶ್ರೀಲಂಕಾದಿಂದಲೂ ಕೆಳಗೆ, ಸಮುದ್ರ ಮುಗಿದು ಗೋಡೆಯ ಸುಣ್ಣ ಶುರುವಾಗುವ ಕಡೆ ಬಡಿದು ಬಿತ್ತು. ಮೇಷ್ಟ್ರು ಬಂದು, "ಯಾರ್ಲಾ ಅದು ಡೆಲ್ಲಿಗೆ ಚುಚ್ಚಿರೋದು?" ಎಂದರು. ಇಲಿಯಾಸ್ ಎದ್ದು ನಿಂತ. ಬೆತ್ತದಲ್ಲಿ ಎರಡು ಏಟು ಬಿತ್ತು. ಹೊಡೆದಾದ ಮೇಲೆ ಮೇಷ್ಟ್ರು ಆ ಬಾಣವನ್ನು ಮ್ಯಾಪಿನಿಂದ ಕಿತ್ತು, ತಿರುಗಿಸಿ ತಿರುಗಿಸಿ ನೋಡಿ, "ಪರವಾಗಿಲ್ವೇ" ಎಂದು ತಮ್ಮ ಜೇಬಿಗೆ ಹಾಕಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಂಬಿದರೆ ನಂಬಿ, ಅವತ್ತು ಅವನಿಗೆ ಬಿದ್ದ ಆ ಎರಡು ಏಟಿನ ಮೇಲೂ ನನಗೆ ಅಸೂಯೆಯಾಯಿತು.

ಆಮೇಲೆ ಅವನು ಅಪ್ಪನ ಬೀಗದ ಅಂಗಡಿಯಲ್ಲಿ ಕೂತ. ನಾನು ಲೇತ್ ನಡೆಸುವ ಟರ್ನರ್ ಕೆಲಸ ಕಲಿತು, ಕಲಿಸುವವನೂ ಆಗಿ, ಮೂವತ್ತು ವರ್ಷ ತರಬೇತಿ ಶಾಲೆಯೊಂದರಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಕೂದಲೆಳೆಯ ಹತ್ತರಲ್ಲಿ ಒಂದು ಭಾಗದ ವ್ಯತ್ಯಾಸವನ್ನೂ ಹಿಡಿಯುವುದು ಹೇಗೆಂದು ಸಾವಿರಾರು ಹುಡುಗರಿಗೆ ಹೇಳಿಕೊಟ್ಟವನು ನಾನು. ನಾನು ನಿವೃತ್ತನಾದ ಮೇಲೆ ಇಬ್ಬರೂ ಮತ್ತೆ ಬಾಣಕ್ಕಿಳಿದೆವು. ನನ್ನ ಬಳಿ ಮೈಕ್ರೋಮೀಟರ್ ಇದೆ, ವರ್ನಿಯರ್ ಇದೆ, ಇವೆರಡನ್ನೂ ಮಲಗಿಸಲು ಮಖಮಲ್ಲಿನ ಪೆಟ್ಟಿಗೆಯಿದೆ. ಇಲಿಯಾಸನ ಬಳಿ ಲೇತೇ ಇಲ್ಲ. ಗೋಡೆಗೆ ತೂತು ಹೊಡೆಯುವ ಡ್ರಿಲ್ ಮೆಷಿನ್ನನ್ನು ಹಲಗೆಗೆ ಅಡ್ಡಡ್ಡ ಬಿಗಿದು, ಅದರ ಬಾಯಿಗೆ ಹಳೇ ಬೀಗದ ಹಿತ್ತಾಳೆ ಕಚ್ಚಿಸಿ, ತಿರುಗುವಾಗ ಅರ ಹಿಡಿದು ಸವೆಸುತ್ತಾನೆ. ಅಳತೆಗೆ ಹೆಬ್ಬೆರಳು, ತೋರುಬೆರಳು. ರೆಕ್ಕೆಗೆ ತಳ ತೂತಾದ ಅಲ್ಯೂಮಿನಿಯಂ ಪಾತ್ರೆ. ಬಾಣ ಮಾತ್ರ ಗೆರೆ ಎಳೆದ ಹಾಗೆ ಹೋಗುತ್ತದೆ.

ನನ್ನದು ಎಡಕ್ಕೆ ಹೋಗುತ್ತದೆ.

ಇಪ್ಪತ್ತು ಹೆಜ್ಜೆಯವರೆಗೆ ಒಳ್ಳೆಯ ಮನೆತನದ ಬಾಣದ ಹಾಗೆಯೇ ಹೋಗುತ್ತದೆ. ಆಮೇಲೆ ಏನೋ ಮರೆತುಹೋದದ್ದು ನೆನಪಾದಂತೆ ಎಡಕ್ಕೆ ವಾಲುತ್ತದೆ. ಗಾಳಿಯಿದ್ದರೂ ಎಡಕ್ಕೆ, ಇಲ್ಲದಿದ್ದರೂ ಎಡಕ್ಕೆ. ಬಲಕ್ಕೆ ಗುರಿಯಿಟ್ಟು ನೋಡಿದೆ. ಒಂದು ಸಲ ಗೇಣು ವಾಲಿದರೆ ಇನ್ನೊಂದು ಸಲ ಮೊಳ ವಾಲುತ್ತದೆ.

ನಮ್ಮ ಪಂದ್ಯ ನಡೆಯುವುದು ತೆರಕಣಾಂಬಿಯ ಹತ್ತಿರ, ಮಾದೇವನ ಬಾಳೆತೋಟದಲ್ಲಿ. ಮಾದೇವನೂ ಆ ಕಾಲದಲ್ಲಿ ನಮ್ಮ ಹಿಂದಿನ ಬೆಂಚು. ಅವನ ತೋಟ ನನಗೂ ಇಲಿಯಾಸನಿಗೂ ಹೆಚ್ಚುಕಡಿಮೆ ನಡುದಾರಿ. ತಿಂಗಳಿಗೊಂದು ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ, ಇಬ್ಬರಿಗೂ ಐದೈದು ಬಾಣ. ಮಾದೇವ ಗೊನೆ ಕಡಿದ ಬಾಳೆಯ ದಿಂಡನ್ನು ಬದುವಿಗೆ ಒರಗಿಸಿ, ಸುಣ್ಣದಲ್ಲಿ ಒಂದು ಬೊಟ್ಟು ಇಡುತ್ತಾನೆ. ಅವನ ಕಾನೂನು ಎರಡೇ. ಪೈಪಿನ ಮುಂದೆ ಯಾರೂ ಸುಳಿಯಬಾರದು, ಜೀವವಿರುವ ಯಾವುದಕ್ಕೂ ಗುರಿಯಿಡಬಾರದು. "ಗುಬ್ಬಿ ಗಿಬ್ಬಿ ಕಡೆ ತಿರುಗ್ಸುದ್ರೆ ನಿಮ್ಮಿಬ್ರನ್ನೂ ದಿಂಡಿಗೆ ಕಟ್ ಆಕ್ಬುಡ್ತೀನಿ" ಎಂದು ಮೊದಲ ದಿನವೇ ಹೇಳಿದ್ದ.

ಬೊಟ್ಟಿಗೆ ಹತ್ತಿರ ಬಿದ್ದ ಬಾಣವನ್ನು ಮಾದೇವ ಕಿತ್ತು, ಒರೆಸಿ, ಪಂಪ್‌ಹೌಸಿನ ಬಾಗಿಲ ಮೇಲಿನ ಮರದ ಪಟ್ಟಿಗೆ ಚುಚ್ಚುತ್ತಾನೆ. ಮುಂದಿನ ಪಂದ್ಯದವರೆಗೆ ಅದು ಅಲ್ಲಿರುತ್ತದೆ. ಬಹುಮಾನ, ಪದಕ, ಎಲ್ಲವೂ ಅದೇ. ಪಟ್ಟಿಯ ಮೇಲೆ ಒಂದೇ ಬಾಣಕ್ಕೆ ಜಾಗ. ಮೊದಲ ಪಂದ್ಯದಿಂದ ಹಿಡಿದು ಮೂರು ವರ್ಷ ಆ ಜಾಗದಲ್ಲಿ ಇಲಿಯಾಸನ ಬಾಣವನ್ನಲ್ಲದೆ ಬೇರೆಯದನ್ನು ನಾನು ನೋಡಿರಲಿಲ್ಲ. ಒಂದೇ ಒಂದು ತಿಂಗಳು ನನ್ನ ಬಾಣ ಅಲ್ಲಿರಬೇಕು, ಬಂದವರು ತಲೆಯೆತ್ತಿ ಅದನ್ನು ನೋಡಬೇಕು. ನಿವೃತ್ತ ಜೀವನದಲ್ಲಿ ನನಗೆ ಉಳಿದಿದ್ದ ಆಸೆ ಅದೊಂದೇ. ಮಗಳ ಮದುವೆಯಾಗಿತ್ತು, ಬಿ.ಪಿ. ಹತೋಟಿಯಲ್ಲಿತ್ತು.

ನನ್ನ ಪ್ರತಿ ಬಾಣದ ರೆಕ್ಕೆಯ ಮೇಲೆ ಮೂರಕ್ಷರವಿರುತ್ತದೆ: ಕೆ.ಪಿ.ಎಸ್. ಕೆ. ಪುಟ್ಟಸ್ವಾಮಿ ಎಂಬುದರ ಸಂಕ್ಷಿಪ್ತ ರೂಪ. ಉಕ್ಕಿನ ಅಕ್ಷರದ ಅಚ್ಚನ್ನು ರೆಕ್ಕೆಯ ಮೇಲಿಟ್ಟು ಸುತ್ತಿಗೆಯಿಂದ ಒಂದೊಂದು ಏಟು. ತರಬೇತಿ ಶಾಲೆಯಲ್ಲಿ ಅದು ನಮ್ಮ ಪದ್ಧತಿ. ಹುಡುಗ ಕೆಲಸ ಮುಗಿಸಿ ತಂದದ್ದನ್ನು ಎಲ್ಲ ಕಡೆ ಅಳೆದು ನೋಡಿ, ಅಳತೆ ಸರಿಯಿದ್ದರೆ ಕೊನೆಯಲ್ಲಿ ಅವನ ನಂಬರನ್ನು ಹೊಡೆಯುವುದು. ಅಚ್ಚು ಬಿತ್ತೆಂದರೆ ಪಾಸಾಯಿತು ಎಂದು ಅರ್ಥ, ಆಮೇಲೆ ಯಾರೂ ಅದನ್ನು ಅಳೆಯುವಂತಿಲ್ಲ. ನಾನು ನನ್ನ ಬಾಣವನ್ನೂ ಹಾಗೆಯೇ ಅಳೆದು, ನಾನೇ ಪಾಸು ಮಾಡಿ, ನಾನೇ ಅಚ್ಚು ಹೊಡೆಯುತ್ತಿದ್ದೆ. ಪೈಪಿಗೆ ಇಳಿಸುವಾಗಲೂ ಹೆಸರಿರುವ ರೆಕ್ಕೆಯೇ ಮೇಲಿರಬೇಕು. ಇಲಿಯಾಸನ ಬಾಣಗಳಲ್ಲಿ ಹೆಸರು ಗಿಸರು ಏನೂ ಇಲ್ಲ. "ಅದುಕ್ಯಾಕ್ಲಾ ಎಸ್ರು, ಅದೇನು ಸ್ಟೀಲ್ ತಟ್ಟೆನಾ?" ಎಂದು ನಕ್ಕಿದ್ದ.

ಹೆಸರಿನಿಂದ ಒಂದು ಪ್ರಯೋಜನವಂತೂ ಆಯಿತು. ಎಡಕ್ಕೆ ಹೋದ ನನ್ನ ಬಾಣಗಳು ಪಕ್ಕದ ಅರಿಸಿನದ ಹೊಲದಲ್ಲಿ ಬೀಳುತ್ತಿದ್ದವು. ಕಳೆ ಕೀಳುವವರಿಗೆ, ನೀರು ಕಟ್ಟುವವರಿಗೆ ಸಿಗುತ್ತಿದ್ದವು. ಅವರು ಅಕ್ಷರ ನೋಡಿ ಮಾದೇವನ ಮನೆಗೆ ತಲುಪಿಸುತ್ತಿದ್ದರು. ಹೀಗೆ ಆ ಬಯಲಿನಲ್ಲಿ ನನ್ನ ಹೆಸರು ಸಾಕಷ್ಟು ಪ್ರಚಾರಕ್ಕೆ ಬಂತು. ಅರಿಸಿನದ ಪಾತಿಯಲ್ಲಿ ಸಿಕ್ಕಿದರೆ ನನ್ನದು, ಪಂಪ್‌ಹೌಸಿನ ಮೇಲಿದ್ದರೆ ಇಲಿಯಾಸನದು. ಇದಕ್ಕಿಂತ ಹೆಚ್ಚಿನ ವಿವರ ಯಾರಿಗೂ ಬೇಕಿರಲಿಲ್ಲ.

ಹೊಟ್ಟೆಕಿಚ್ಚಿನ ಗುಣವೇನೆಂದರೆ ಅದು ಹುಟ್ಟಿದ ಜಾಗದಲ್ಲಿ ಸುಮ್ಮನೆ ಕೂರುವುದಿಲ್ಲ. ಬಾಣದಿಂದ ಶುರುವಾದದ್ದು ಇಲಿಯಾಸನ ತಲೆಗೂದಲಿಗೆ ಬಂತು. ಅವನದು ಇನ್ನೂ ಕಪ್ಪು, ನನ್ನದು ಲೆಕ್ಕಕ್ಕೆ ಸಿಗುವಷ್ಟೇ ಉಳಿದಿದೆ. ಅಲ್ಲಿಂದ ಅವನ ಹಲ್ಲಿಗೆ, ಹಲ್ಲಿನಿಂದ ನಿದ್ದೆಗೆ. ಬಸ್ಸಿನಲ್ಲಿ ಕೂತ ಎರಡೇ ನಿಮಿಷಕ್ಕೆ ಅವನು ನಿದ್ದೆ ಹೋಗುತ್ತಾನೆ. ಕೇರಳದ ಪ್ರವಾಸಿಗಳು ಕಾರು ನಿಲ್ಲಿಸಿ, ಒಳಗೆ ಸಿಕ್ಕಿಕೊಂಡ ಕೀಗಾಗಿ ಅವನನ್ನು ಹುಡುಕಿಕೊಂಡು ಬರುತ್ತಾರೆ. ಅವನು ಮಲಯಾಳಂ ಮಾತಾಡಿ ನಗಿಸಿ ಕಳಿಸುತ್ತಾನೆ. ನನ್ನನ್ನು ಹುಡುಕಿಕೊಂಡು ಬರುವವರು ಪೆನ್ಷನ್ ಅರ್ಜಿ ಬರೆಸುವವರು. ಗಿರಿಜಾ ಸಹ ಒಮ್ಮೆ, "ಇಲಿಯಾಸಣ್ಣ ಕೆಲಸ ಮಾಡಿದ್ ಜಾಗ ಎಷ್ಟು ಕ್ಲೀನಾಗಿರ್ತದೆ ನೋಡಿ" ಎಂದುಬಿಟ್ಟಳು. ಆ ರಾತ್ರಿ ನಾನು ಊಟದಲ್ಲಿ ಉಪ್ಪಿಲ್ಲ ಎಂದು ಹೇಳಿದೆ. ಉಪ್ಪಿತ್ತು.

ಹೋದ ವರ್ಷ ಮಗಳು, ಅಳಿಯ ಬಂದಾಗ ಎಲ್ಲರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಮೇಲೆ ಮಂಜು ಎಂದರೆ ಮಂಜು, ಪಕ್ಕದಲ್ಲಿದ್ದ ಗಿರಿಜಾ ಬರಿಯ ಬಳೆಯ ಸದ್ದಾಗಿದ್ದಳು. ಗರ್ಭಗುಡಿಯ ಮುಂದೆ ನಿಂತು ಎಲ್ಲರೂ ಕಣ್ಣು ಮುಚ್ಚಿದರು. ಮಗಳು ಹೊಸ ಮನೆ ಕೇಳಿಕೊಂಡಳು, ಅಳಿಯ ಏನೋ ದೊಡ್ಡದನ್ನೇ ಕೇಳಿಕೊಂಡ. ನಾನು ಕೃಷ್ಣನ ಮುಂದೆ ಕೈಮುಗಿದು ಕೇಳಿಕೊಂಡದ್ದು: ನನ್ನ ಬಾಣ ನೇರ ಹೋಗಲಿ. ಒಂದು ಕ್ಷಣ ಬಿಟ್ಟು, ಅದಾಗದಿದ್ದರೆ ಇಲಿಯಾಸನದು ಎಡಕ್ಕೆ ಹೋಗಲಿ. ಕೇಳಿದ ಮೇಲೆ ನಾಚಿಕೆಯಾಯಿತು. ಆದರೆ ಬೇಡಿಕೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ದೇವರು ಎರಡನ್ನೂ ನಡೆಸಿಕೊಡಲಿಲ್ಲ. ಮುಂದಿನ ಎರಡು ಪಂದ್ಯವನ್ನೂ ಸೋತೆ. ಆಗ ನನಗೆ ಖಾತ್ರಿಯಾಯಿತು, ಇವನಲ್ಲಿ ಏನೋ ಗುಟ್ಟಿದೆ. ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮೂವತ್ತು ವರ್ಷ ಪಾಠ ಹೇಳಿದ ಟರ್ನರ್, ಡ್ರಿಲ್ ಮೆಷಿನ್ನಿನವನ ಮುಂದೆ ನಿಂತು ಹೇಗೆ ಮಾಡಿದೆ ಎಂದು ಕೇಳುವುದೇ? ಅದಕ್ಕಿಂತ ಕದಿಯುವುದು ಮರ್ಯಾದಸ್ಥರ ಕೆಲಸ ಎಂದು ನನಗೆ ತೋರಿತು.

ಒಂದು ಶುಕ್ರವಾರ, ಇದ್ದ ಕೀಗೇ ಇನ್ನೊಂದು ನಕಲು ಬೇಕೆಂಬ ನೆಪದಲ್ಲಿ ಗುಂಡ್ಲುಪೇಟೆಗೆ ಹೋದೆ. ಇಲಿಯಾಸ್ ಕೀ ಕೊರೆಯುತ್ತ ಗಡಿಯಾರ ನೋಡಿದ. "ನಮಾಜಿಗೆ ಹೋಗ್ಬುಟ್ಟು ಬತ್ತೀನಿ ಕಣ್ಲಾ ಪುಟ್ಟ. ನೀನಿದ್ದೀಯಲ್ಲ, ಷಟ್ರು ಎಳಿಯದೇನು ಬೇಡ ಬುಡು" ಎಂದು ಟೋಪಿ ಹಾಕಿಕೊಂಡು ಹೋದ. ಊರಿನವರೆಲ್ಲರ ಬೀಗಗಳಿರುವ ಅಂಗಡಿಯನ್ನು ನನ್ನ ಮೇಲೆ ಬಿಟ್ಟು ಹೋದ. ಹಲಗೆಯ ಕೆಳಗೆ ಮಿಠಾಯಿ ಡಬ್ಬದಲ್ಲಿ ಬಾಣಗಳಿದ್ದವು. ಹಳೆಯವುಗಳ ನಡುವೆ ಹೊಳೆಯುವ ಹೊಸದೊಂದು ಇತ್ತು. ಕೈ ತನ್ನಷ್ಟಕ್ಕೆ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ನಾನೇ ಕಳಿಸಿದೆ. ಅವನು ಬಂದು, ಕೀ ಮುಗಿಸಿ, ಬಲವಂತವಾಗಿ ಟೀ ಕುಡಿಸಿ ಬಸ್ಸು ಹತ್ತಿಸಿದ. ಜೇಬಿನಲ್ಲಿದ್ದ ಬಾಣದ ಮೂತಿ ಚಾಮರಾಜನಗರದವರೆಗೂ ತೊಡೆಗೆ ಚುಚ್ಚುತ್ತಿತ್ತು.

ಷೆಡ್ಡಿನಲ್ಲಿ ಅದನ್ನು ಮೈಕ್ರೋಮೀಟರಿಗೆ ಕೊಟ್ಟೆ. ಅಳೆದಂತೆಲ್ಲ ನನಗೆ ಆಶ್ಚರ್ಯ. ಉದ್ದ, ದಪ್ಪ, ತೂಕ, ರೆಕ್ಕೆಯ ಅಗಲ, ಎಲ್ಲವೂ ನನ್ನ ಲೆಕ್ಕಾಚಾರಕ್ಕೆ ಬಹಳ ಹತ್ತಿರ ಬರುತ್ತಿತ್ತು. ನನ್ನ ಲೆಕ್ಕ ಸರಿಯೇ ಇತ್ತು ನೋಡಿ ಎಂದು ಬೀಗಿದೆ. ಹಾಗಾದರೆ ಗುಟ್ಟೆಲ್ಲಿ? ಭೂತಗನ್ನಡಿಯಲ್ಲಿ ನೋಡಿದಾಗ ಸಿಕ್ಕಿತು. ಮೂತಿಯ ಹಿಂದೆ ಸುತ್ತಲೂ ಅಲ್ಲ, ಒಂದೇ ಪಕ್ಕಕ್ಕೆ, ಓರೆಯಾಗಿ ಒಂದು ಸಣ್ಣ ಗೀರು. ಅದರ ಮೇಲೆ ಒಂದು ವಾರ ತಲೆ ಕೆಡಿಸಿಕೊಂಡೆ. ಗಾಳಿಯನ್ನು ಕತ್ತರಿಸಲೋ, ತಿರುಗಿಸಲೋ? ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಚಿತ್ರ ಬರೆದೆ. ಬೆಳಿಗ್ಗೆ ಕಾಫಿ ಕೊಡಲು ಬಂದ ಗಿರಿಜಾಳಿಗೆ, "ಸಾಮಾನ್ಯದವನಲ್ಲ ಕಣೇ ಅವನು" ಎಂದೆ. ಅವಳು ಯಾರು ಎಂದು ಕೇಳಲಿಲ್ಲ.

ಐದು ಬಾಣ ಮಾಡಿದೆ. ಕದ್ದದ್ದಕ್ಕೂ ಇವಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಗೀರನ್ನು ಅದೇ ಓರೆಯಲ್ಲಿ, ಅದೇ ಆಳದಲ್ಲಿ ಕೆತ್ತಲು ಪ್ರತ್ಯೇಕವಾಗಿ ಒಂದು ಉಳಿಯನ್ನೇ ಹದ ಮಾಡಿಕೊಂಡೆ. ಎಲ್ಲವನ್ನೂ ಅಳೆದು, ಪಾಸು ಮಾಡಿ, ಕೊನೆಯಲ್ಲಿ ಒಂದೊಂದರ ರೆಕ್ಕೆಗೂ ಕೆ.ಪಿ.ಎಸ್. ಎಂದು ಅಚ್ಚು ಹೊಡೆದೆ. ಅವತ್ತು ಸುತ್ತಿಗೆಯ ಏಟಿನಲ್ಲಿ ಎಂದೂ ಇಲ್ಲದ ಠೀವಿಯಿತ್ತು.

ಭಾನುವಾರ ಬಂತು. ಮಾದೇವ ದಿಂಡು ನಿಲ್ಲಿಸಿ ಬೊಟ್ಟಿಟ್ಟ. ಇಲಿಯಾಸ್ ಯಾಕೋ ಮಂಕಾಗಿದ್ದ. "ಒಂದು ಮಾಲು ಕಾಣಿಸ್ತಾ ಇಲ್ಲ ಕಣ್ಲಾ, ಅದನ್ನೇ ಇವತ್ತು ತರನ ಅಂತಿದ್ದೆ. ಇಲಿ ಎಳ್ಕೊಂಡೋಯ್ತೋ ಏನೋ" ಎಂದ. ನಾನು ಪಂಪು ಒತ್ತುವುದರಲ್ಲಿ ಮಗ್ನನಾದೆ.

ಮೊದಲ ಬಾಣ. ಇಪ್ಪತ್ತು ಹೆಜ್ಜೆಯವರೆಗೆ ನೇರ. ಆಮೇಲೆ ಎಡಕ್ಕೆ.

ಎರಡನೆಯದು ಎಡಕ್ಕೆ, ಮೂರನೆಯದು ಇನ್ನೂ ಎಡಕ್ಕೆ. ನಾಲ್ಕನೆಯದು ಅರಿಸಿನದ ಹೊಲಕ್ಕೆ. ಐದನೆಯದು ದಿಂಡಿನ ಎಡ ಅಂಚಿನ ಸಿಪ್ಪೆಗೆ ಹೇಗೋ ತಗಲಿಕೊಂಡು ತೂಗಾಡಿತು. ನನ್ನ ಮುಖ ಹೇಗಿತ್ತೋ, ಮಾದೇವ ನಗುವುದನ್ನೂ ಬಿಟ್ಟು, "ಬಿಸ್ಲು ಜಾಸ್ತಿ ಆಯ್ತು, ಎಳನೀರು ಕೊಚ್ಲಾ?" ಎಂದು ಕೇಳಿದ. ಇಲಿಯಾಸ್ ದಿಂಡಿನ ಬಳಿ ಹೋಗಿ ತೂಗಾಡುತ್ತಿದ್ದ ಬಾಣವನ್ನು ಕಿತ್ತುಕೊಂಡ. ನೋಡಿದ. ಕನ್ನಡಕ ಏರಿಸಿ ಮತ್ತೆ ನೋಡಿದ. ಮೂತಿಯ ಹಿಂದಿನ ಗೀರಿನ ಮೇಲೆ ಉಗುರು ಆಡಿಸಿದ.

"ಪುಟ್ಟ, ಈ ಗೀರ್ ಯಾಕ್ಲಾ ಆಕ್ದೆ?"

"ಗಾಳಿಗೆ" ಎಂದೆ.

"ಗಾಳಿಗಾ?" ಎಂದು ನನ್ನನ್ನೇ ನೋಡಿದ. "ಇದು ನನ್ ಕೈಲಿ ಅರ ಜಾರಿ ಬಿದ್ದುದ್ದು ಕಣ್ಲಾ. ಆವತ್ತು ಅಂಗ್ಡಿಗೆ ಯಾರೋ ಬಂದು ಕೂಗುದ್ರು, ತಿರುಗ್ದೆ, ಜಾರ್ತು. ಅದ್ನೂ ಬುಡ್ನಿಲ್ವಾ ನೀನು?"

ನೆಲ ಬಾಯಿ ಬಿಡಲಿ ಎಂದು ಕಾದೆ, ಬಿಡಲಿಲ್ಲ. ಕದ್ದ ಬಾಣ ನನ್ನ ಜೇಬಿನಲ್ಲೇ ಇತ್ತು. ತೆಗೆದು ಅವನ ಅಂಗೈಯಲ್ಲಿಟ್ಟೆ. "ನಾನೇ ತಕೊಂಡೋದೆ. ಶುಕ್ರವಾರ. ನೀನು ನಮಾಜಿಗೆ ಹೋದಾಗ." ಮಾದೇವ ಎಳನೀರಿನ ಮಚ್ಚು ಹಿಡಿದು ನಿಂತಲ್ಲೇ ನಿಂತುಬಿಟ್ಟ.

ಇಲಿಯಾಸನಿಗೆ ನೋವಾಗಿತ್ತು, ಅದು ಕಾಣುತ್ತಿತ್ತು. ಆಮೇಲೆ ಬದುವಿನ ಮೇಲೆ ಕೂತು ಎರಡೂ ಬಾಣಗಳನ್ನು ಪಕ್ಕಪಕ್ಕ ಇಟ್ಟುಕೊಂಡ.

"ಇದು ಯಾರ್ದು ಗೊತ್ತಾ?" ಎಂದು ಕದ್ದದ್ದನ್ನು ತೋರಿಸಿದ. "ನಿಂದ್ರದೇ ನಕಲು. ಅರಿಸ್ನದ ಹೊಲದಲ್ಲಿ ಸಿಕ್ತಲ್ಲ, ಅದ್ರಲ್ಲಿ ಒಂದು ಇಟ್ಕೊಂಡಿದ್ದೆ. ಇಷ್ಟು ನೀಟಾಗಿ ಕೆಲ್ಸ ಮಾಡೋನ್ದು ಯಾಕಪ್ಪ ಎಡಕ್ಕೇ ಓಯ್ತದೆ ಅಂತ ಎರಡು ತಿಂಗ್ಳಿಂದ ತಲೆ ಕೆಡಿಸ್ಕೊಂಡಿವ್ನಿ. ನಿನ್ ಬಾಣ ಮುಂದಿಟ್ಕೊಂಡು ಅಂಗೇ ಇದ್ನ ಮಾಡ್ದೆ. ಎಲ್ಲಾ ನಿನ್ ಅಳ್ತೆನೇ. ಆರ್ಸಿ ನೋಡ್ದೆ, ನೆಟ್ಟಗೆ ಓಯ್ತು!"

"ಹೇಗೆ?" ಎಂದೆ. ಮೂರು ವರ್ಷದಲ್ಲಿ ಬಾಣದ ಬಗ್ಗೆ ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನಿಂದ್ರಲ್ಲಿ ಇದ್ದು ನಂದ್ರಲ್ಲಿ ಇಲ್ದೆ ಇರೋದು ಒಂದೇ. ನಿನ್ ಎಸ್ರು." ನನ್ನ ಬಾಣವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ರೆಕ್ಕೆಯ ಅಂಚು ತೋರಿಸಿದ. "ತೆಳ್ಳನ್ ತಗ್ಡು. ಮೂರ್ ಏಟ್ ಕೊಟ್ರೆ ಬೆನ್ ಬಗ್ಗದೆ ಇರ್ತದಾ? ನೋಡು, ದೋಣಿ ಆದಂಗೆ ಆಗ್ಯದೆ. ಬಾಯಲ್ಲಿ ಏಳುದ್ರೆ ನೀನು ಒಪ್ಪೋನಲ್ಲ, ಆರ್ಸಿ ತೋರ್ಸನ ಅಂತ ಇಟ್ಟಿದ್ದೆ. ನೀನು ಎತ್ಕೊಂಡೋದೆ."

ನೋಡಿದೆ. ರೆಕ್ಕೆ ಬಾಗಿತ್ತು. ಬರಿಗಣ್ಣಿಗೆ ಕಾಣುವಷ್ಟು ಬಾಗಿತ್ತು. ಅಚ್ಚು ಹೊಡೆದ ಮೇಲೆ ಅಳೆಯುವಂತಿಲ್ಲ ಎಂಬ ನನ್ನದೇ ಕಾನೂನಿಗೆ ತಲೆಬಾಗಿ ಮೂರು ವರ್ಷ ಅದನ್ನು ನಾನು ನೋಡಿರಲಿಲ್ಲ. ಎಷ್ಟು ಹುಡುಗರ ಕೆಲಸವನ್ನು ಹೀಗೆ ಪಾಸು ಮಾಡಿದ ಮೇಲೆ ಕೆಡಿಸಿದ್ದೇನೋ ಎಂಬ ಯೋಚನೆಯೂ ಬಂತು. ಅದನ್ನು ಪಕ್ಕಕ್ಕೆ ತಳ್ಳಿದೆ, ಅದಕ್ಕೆ ಇನ್ನೊಂದು ದಿನ ಬೇಕು.

ಇಲ್ಲಿ ನಾನು ಕರಗಿಹೋದೆ, ಗೆಳೆಯನನ್ನು ತಬ್ಬಿಕೊಂಡೆ, ಅಸೂಯೆಯೆಲ್ಲ ಕಣ್ಣೀರಿನಲ್ಲಿ ಕೊಚ್ಚಿಹೋಯಿತು ಎಂದು ಬರೆದರೆ ನಿಮಗೂ ಹಿತ, ನನಗೂ ಗೌರವ. ಹಾಗಾಗಲಿಲ್ಲ. ಕ್ಷಮೆ ಕೇಳಿದೆ, ನಿಜವಾಗಿಯೇ ಕೇಳಿದೆ. ಅವನು, "ಬುಡ್ಲಾ ಅತ್ಲಾಗಿ" ಎಂದ. ಆದರೆ ಮನಸ್ಸಿನಲ್ಲಿ ಕುದಿಯುತ್ತಿದ್ದುದು ಬೇರೆ. ಬಾಣದಲ್ಲಿ ಮಾತ್ರ ನನಗಿಂತ ಮೇಲು ಎಂದುಕೊಂಡಿದ್ದೆ. ನಾನು ಅವನ ಸೋಲಿಗಾಗಿ ದೇವರಿಗೆ ಕೈಮುಗಿಯುತ್ತಿದ್ದಾಗ ಇವನು ಅಂಗಡಿಯಲ್ಲಿ ಕೂತು ನನ್ನ ಗೆಲುವಿಗೆ ಅರ ಹಿಡಿದಿದ್ದ. ಗುಣದಲ್ಲೂ ನನಗಿಂತ ಮುಂದೆ! ಈ ಹೊಸ ಹೊಟ್ಟೆಕಿಚ್ಚಿನ ಮುಂದೆ ಹಳೆಯದು ಏನೇನೂ ಅಲ್ಲ ಎನಿಸಿತು.

ಮುಂದಿನ ತಿಂಗಳಿಗೆ ಹೊಸದಾಗಿ ಐದು ಬಾಣ ತಿರುಗಿಸಿದೆ. ಗೀರಿಲ್ಲ. ಅಳೆದಾಯಿತು, ಪಾಸಾಯಿತು. ಅಭ್ಯಾಸಬಲದಿಂದ ಕೈ ಅಚ್ಚಿನ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಕೆ ಅಕ್ಷರವನ್ನು ರೆಕ್ಕೆಯ ಮೇಲಿಟ್ಟೂ ಆಗಿತ್ತು. ಸುತ್ತಿಗೆಯನ್ನು ಕೆಳಗಿಡಲು ನಾನು ಪಟ್ಟ ಕಷ್ಟ ನನಗೇ ಗೊತ್ತು. ಬೋಳು ರೆಕ್ಕೆಯ ಆ ಐದು ಬಾಣಗಳು ಯಾರದೋ ಮನೆಯ ಮಕ್ಕಳಂತೆ ನನ್ನ ಮುಂದೆ ಮಲಗಿದ್ದವು.

ಪಂದ್ಯದಲ್ಲಿ ನನ್ನ ಮೂರನೆಯ ಬಾಣ ಸುಣ್ಣದ ಬೊಟ್ಟಿನ ನಡುವಿಗೇ ಹೋಗಿ ನಾಟಿತು. ಇಲಿಯಾಸನದು ಒಂದು ಬೆರಳು ಆಚೆ. "ಒಡ್ದ ಕಣಪ್ಪಾ!" ಎಂದು ಇಲಿಯಾಸನೇ ಮೊದಲು ಕೂಗಿದ್ದು. ಮಾದೇವ ನನ್ನ ಬಾಣವನ್ನು ಕಿತ್ತು, ತನ್ನ ಟವೆಲ್ಲಿನಿಂದ ಒರೆಸಿ, ಪಂಪ್‌ಹೌಸಿನ ಬಾಗಿಲ ಮೇಲಿನ ಪಟ್ಟಿಗೆ ಚುಚ್ಚಿದ. ಮೂರು ವರ್ಷ ಕಾದಿದ್ದ ಆ ದೃಶ್ಯವನ್ನು ಕುತ್ತಿಗೆ ನೋಯುವ ತನಕ ನೋಡಿದೆ. ಸಂಜೆ ಗಿರಿಜಾಳಿಗೆ ಹೇಳಿದಾಗ ಪಾಯಸ ಮಾಡಿದಳು. ಪಾಯಸದಲ್ಲಿ ಹಿತ್ತಾಳೆ ಇರಲಿಲ್ಲ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹತ್ತು ದಿನದ ಮೇಲೆ, ಏನೂ ಕೆಲಸವಿಲ್ಲದಿದ್ದರೂ, ಬಾಣ ನೋಡಿ ಬರೋಣವೆಂದು ಬಸ್ಸು ಹತ್ತಿ ತೋಟಕ್ಕೆ ಹೋದೆ. ಮಾದೇವ ಗೊನೆ ತುಂಬಿಸಲು ಲಾರಿಯ ಬಳಿ ಹೋಗಿದ್ದ. ಪಂಪ್‌ಹೌಸಿನಲ್ಲಿ ಮೋಟರಿನ ವೈರು ಸರಿಮಾಡುತ್ತಿದ್ದ ಒಬ್ಬ ಲೈನ್‌ಮನ್ ಹೊರಬಂದು ಬಾಗಿಲ ಕೆಳಗೆ ಬೀಡಿ ಹಚ್ಚಿದ. ಅದೇ ಊರಿನವನಂತೆ. ಬೀಡಿ ಎಳೆಯುತ್ತ ತಲೆಯೆತ್ತಿ ನನ್ನ ಬಾಣವನ್ನೇ ನೋಡತೊಡಗಿದ. ನನ್ನ ಎದೆ ಹಿಗ್ಗಿತು.

"ಏನ್ ಕೆಲ್ಸ ನೋಡಿ ಸಾ" ಎಂದ. "ಒಂದ್ ಗೆರೆ ಆಚೀಚೆ ಇಲ್ಲ. ದಿಂಡಿನ್ ನಡಕ್ಕೇ ಒಡುದ್ರಂತೆ. ಇಲಿಯಾಸ್ ಸಾಬ್ರು ಕೈ ಅಂದ್ರೆ ಕೈ ಬುಡಿ, ಈ ತಾಲ್ಲೂಕಲ್ಲಿ ಇನ್ಯಾರ್ಗೆ ಬತ್ತದೆ?"

"ಅದು ನಂದು" ಎಂದೆ.

ಅವನು ನನ್ನನ್ನು ನೋಡಿದ. ಬಾಣವನ್ನು ನೋಡಿದ. ಕಾಲ ತುದಿಯ ಮೇಲೆ ನಿಂತು ನಾಲ್ಕು ರೆಕ್ಕೆಗಳನ್ನೂ ಒಂದೊಂದಾಗಿ ಪರೀಕ್ಷಿಸಿದ. ಆಮೇಲೆ ವಯಸ್ಸಾದವರ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ, "ಇಲ್ಲ ಬುಡಿ ಸಾ. ನಿಮ್ದು ನಮ್ ಹೊಲದಲ್ಲೇ ಎಷ್ಟೋ ಸಿಕ್ಕವೆ, ನಂಗೊತ್ತಿಲ್ವಾ? ನಿಮ್ದಾಗಿದ್ರೆ ಎಸ್ರು ಇರ್ತಿತ್ತು" ಎಂದು ಬೀಡಿ ಆರಿಸಿ ಒಳಗೆ ಹೋದ.

ನನ್ನ ಕೈಯ ಕೆಲಸವನ್ನು ಗುರುತಿಲ್ಲದವನೊಬ್ಬ ಬಾಯ್ತುಂಬ ಹೊಗಳಿದ್ದು ಜೀವನದಲ್ಲಿ ಅದೇ ಮೊದಲು. ಬಾಗಿಲ ಕೆಳಗೆ ನಿಂತು, ಇಲ್ಲದ ಇಲಿಯಾಸನ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ನಾನು ನಿಮಗೆ ಹೇಗೆ ವಿವರಿಸಲಿ!